ಮಗಳಿಗೊಂದು ಪತ್ರ: ಎಚ್ ಹಾಡುಗಳು, ಹಗಲು ಹೊತ್ತಿಗೆ ಮಾತ್ರ

ಪುಟ್ಟೀ,

ನಿನ್ನೆ ನೀನು ಫೋನ್ ಕಟ್ ಮಾಡಿದಾಗಿನಿಂದ ಅಮ್ಮ ನನ್ನ ಜೊತೆ ಮಾತು ಬಿಟ್ಟಿದ್ದಾಳೆ. ಯಾರು ಏನಂದರು ಅನ್ನೋದು ಇಬ್ಬರಿಗೂ ನೆನಪಿದೆ, ಅದನ್ನು ಮತ್ತೆ ಕೆದಕೋದು ಬೇಡ. ಬೆಳಿಗ್ಗೆ ಎದ್ದು ನೋಡಿದರೆ ನಿನ್ನ ಮೆಸೇಜು. ಇಂಗ್ಲಿಷಿನ ಎಚ್ ಅಕ್ಷರದಿಂದ ಶುರುವಾಗೋ ಹಾಡುಗಳ ಪಟ್ಟಿ ಕಳಿಸು, ಬೇರೇನೂ ಬೇಡ ಅಂತ. ಬೇರೇನೂ ಬೇಡ ಅಂದರೆ ಉಪದೇಶ ಬೇಡ ಅಂತ, ಅಲ್ವಾ? ಪ್ರಯತ್ನ ಮಾಡುತ್ತೇನೆ.

ಎಚ್ ಯಾಕೆ ಅಂತ ಕೇಳುವುದಿಲ್ಲ. ಅಕ್ಷರ ಹಿಡಿದು ಹಾಡು ಹೇಳೋ ನಮ್ಮ ಕಾರಿನ ಆಟದಲ್ಲಿ ನೀನು ಗೆಲ್ಲುತ್ತಿದ್ದ ಅಕ್ಷರ ಅದು. ಅಮೆರಿಕದಲ್ಲಿ ಕೆಲಸ ಮಾಡೋಕೆ ನಿನಗಿರೋ ಎಚ್-1ಬಿ ವೀಸಾ ಶುರುವಾಗೋದೂ ಅದರಿಂದಲೇ. ಕೆಲಸ ಹೋದ ದಿನದಿಂದ 60 ದಿನದೊಳಗೆ ಇನ್ನೊಂದು ಕೆಲಸ ಸಿಗಬೇಕು ಅಂದಾಗ ನಾನು ಇಲ್ಲಿ ಕ್ಯಾಲೆಂಡರ್ ನೋಡುತ್ತಾ ಕೂತಿದ್ದೆ, ನೀನು ಅಲ್ಲಿ ಯಾರ ಹತ್ತಿರವೂ ಕೈ ಚಾಚದೆ ಸಿಯಾಟಲ್‌ನಲ್ಲಿ ಕೆಲಸ ಹುಡುಕಿಕೊಂಡೆ. ಅದನ್ನು ಊರಲ್ಲಿ ಸಿಕ್ಕವರಿಗೆಲ್ಲಾ ಹೇಳಿಕೊಂಡು ತಿರುಗಿದ್ದೇನೆ. ನಿನಗೆ ಮಾತ್ರ ಹೇಳಿರಲಿಲ್ಲ.

ಸರಿ, ಪಟ್ಟಿ. ಶಿಕಾಗೋದಿಂದ ಸಿಯಾಟಲ್‌ಗೆ ನೀನು ಒಬ್ಬಳೇ ಕಾರು ಓಡಿಸಿಕೊಂಡು ಹೋಗೋ ಐ-90 ಹೆದ್ದಾರಿಯನ್ನು ಮ್ಯಾಪಿನಲ್ಲಿ ನೋಡುತ್ತಾ ಊರಿಗೊಂದು ಹಾಡು ಹೊಂದಿಸಿದ್ದೇನೆ. ಶಿಕಾಗೋ ಬಿಟ್ಟ ಮೇಲೆ ಸಿಗೋ ದೊಡ್ಡ ಊರು ರಾಕ್‌ಫರ್ಡ್. ಚೀಪ್ ಟ್ರಿಕ್ ಅಲ್ಲಿಯ ತಂಡ. ಅವರ 'ಹಲೋ ದೇರ್' 1977ರದ್ದು, ಎರಡು ನಿಮಿಷವೂ ಇಲ್ಲ. ಸಂಗೀತ ಕಛೇರಿ ಶುರು ಮಾಡೋಕೆ ಅಂತಲೇ ಮಾಡಿದ ಹಾಡು. ಅದರಿಂದಲೇ ಹೊರಡು.

ಮುಂದೆ ಮ್ಯಾಡಿಸನ್. ಅಲ್ಲಿ ಓಟಿಸ್ ರೆಡಿಂಗ್ ಹಾಡಿರೋ 'ಹಾರ್ಡ್ ಟು ಹ್ಯಾಂಡಲ್' ಹಾಕು. ನಿನಗೆ 1990ರ ಬ್ಲ್ಯಾಕ್ ಕ್ರೋಸ್ ತಂಡದ್ದು ಗೊತ್ತಿರಬಹುದು, ಅದೂ ಚೆನ್ನಾಗಿದೆ, ಆದರೆ ಮೂಲದಲ್ಲಿರೋ ತುತ್ತೂರಿಗಳ ಠೀವಿ ಅದಕ್ಕಿಲ್ಲ. ಹಾಡು ಹೊರಗೆ ಬಂದಿದ್ದು 1968ರಲ್ಲಿ. ಅಷ್ಟೊತ್ತಿಗೆ ಓಟಿಸ್ ಇರಲಿಲ್ಲ. 1967ರ ಡಿಸೆಂಬರ್ 10ರಂದು ಅವನ ಪುಟ್ಟ ವಿಮಾನ ಕೆಟ್ಟ ಹವೆಯಲ್ಲಿ ಮ್ಯಾಡಿಸನ್‌ನ ಮೊನೋನಾ ಕೆರೆಗೇ ಬಿತ್ತು. 26 ವರ್ಷ ವಯಸ್ಸು. ಹವಾಮಾನ ನೋಡದೆ ಹೊರಡಬೇಡ.

ಇದು ಉಪದೇಶ ಅಲ್ಲ, ಹಾಡಿನ ಮಾಹಿತಿ.

ಲಾ ಕ್ರಾಸ್ ಹತ್ತಿರ ಮಿಸಿಸಿಪ್ಪಿ ನದಿ ದಾಟಿ ಮಿನ್ನೆಸೋಟಾಕ್ಕೆ ಕಾಲಿಟ್ಟ ಕೂಡಲೇ ನಿನ್ನ ರಸ್ತೆಗೆ ಹೈವೇ 61 ಬಂದು ಸೇರುತ್ತದೆ. ಬಾಬ್ ಡಿಲನ್ ಹುಟ್ಟಿದ ಡುಲೂತ್‌ನಿಂದ ನದಿಗುಂಟ ದಕ್ಷಿಣಕ್ಕೆ ಇಳಿದು ಬರೋ ಹಳೇ ರಸ್ತೆ. ಅಲ್ಲಿ 'ಹೈವೇ 61 ರೀವಿಸಿಟೆಡ್' ಹಾಕದಿದ್ದರೆ ನೀನು ನನ್ನ ಮಗಳೇ ಅಲ್ಲ. 1965ರ ಹಾಡು. ನಡುನಡುವೆ ಪೊಲೀಸ್ ಸೈರನ್ ಥರ ಸೀಟಿ ಊದುತ್ತಾರೆ, ಗಾಬರಿಯಾಗಿ ಬ್ರೇಕ್ ಒತ್ತಬೇಡ. ಶುರುವಾಗೋದೇ ದೇವರು ಅಬ್ರಹಾಮನ ಹತ್ತಿರ ಮಗನನ್ನು ಬಲಿ ಕೊಡು ಅಂತ ಕೇಳೋದರಿಂದ. ಡಿಲನ್ ತಂದೆಯ ಹೆಸರೂ ಏಬ್ರಹಾಂ. ಅಪ್ಪಂದಿರ ಮೇಲೆ ಸಿಟ್ಟಿರೋ ಹಾಡು ಅಂತ ನನಗೆ ಅನಿಸುತ್ತದೆ, ಈಗ ನಿನಗೆ ಸರಿಯಾಗಿ ಹೊಂದುತ್ತದೆ.

ಆಮೇಲೆ ಆಲ್ಬರ್ಟ್ ಲೀ ಅನ್ನೋ ಊರು. ಅಲ್ಲಿಂದ ದಕ್ಷಿಣಕ್ಕೆ ತಿರುಗಿದರೆ ಅಯೋವಾದ ಕ್ಲಿಯರ್ ಲೇಕ್. ಬಡ್ಡಿ ಹಾಲಿ ಕೊನೆಯ ಬಾರಿ ಹಾಡಿದ್ದು ಅಲ್ಲಿಯ ಸರ್ಫ್ ಬಾಲ್‌ರೂಂನಲ್ಲಿ. ಚಳಿಗಾಲ, ಬಸ್ಸಿನ ಹೀಟರ್ ಕೆಟ್ಟಿತ್ತು, ಡ್ರಮ್ಸ್ ಬಾರಿಸೋ ಹುಡುಗ ಕಾಲು ಮರಗಟ್ಟಿ ಆಸ್ಪತ್ರೆ ಸೇರಿದ್ದ. ಈ ಬಸ್ಸಿನ ಸಹವಾಸ ಸಾಕು ಅಂತ ಹಾಲಿ ಪುಟ್ಟ ವಿಮಾನ ಗೊತ್ತು ಮಾಡಿದ. 1959ರ ಫೆಬ್ರವರಿ 3, ನಡುರಾತ್ರಿ ದಾಟಿದ ಮೇಲೆ ಹೊರಟರು. ವಿಮಾನ ಮೆಕ್ಕೆಜೋಳದ ಹೊಲಕ್ಕೆ ಬಿತ್ತು. ಅವನಿಗೆ 22 ವರ್ಷ. ಅವನ 'ಹಾರ್ಟ್‌ಬೀಟ್' ಕೇಳು, ಅದು ಅದಕ್ಕೂ ಸ್ವಲ್ಪ ಹಿಂದೆ 1958ರಲ್ಲಿ ಬಂದಿದ್ದು, ಎಷ್ಟು ಹಗುರಾದ ಹಾಡು ಅಂದರೆ ಹಾಡಿದವನಿಗೆ ಹೀಗಾಯಿತು ಅಂತ ನಂಬೋಕೇ ಆಗೋದಿಲ್ಲ.

ನೋಡು, ಸುಸ್ತಾಗಿತ್ತು, ಬೇಗ ಮುಟ್ಟಿ ಬಟ್ಟೆ ಒಗೆಸಿಕೊಂಡು ಮಲಗೋಣ ಅನ್ನೋ ಆಸೆ, ಅಷ್ಟೇ. ದೊಡ್ಡ ತಪ್ಪೇನೂ ಮಾಡಿರಲಿಲ್ಲ ಪಾಪ. ನೀನೂ ಮೂರು ದಿನದಲ್ಲಿ ಮುಟ್ಟುತ್ತೇನೆ, ರಾತ್ರಿ ರಸ್ತೆ ಖಾಲಿ ಇರುತ್ತೆ ಅಂದೆಯಲ್ಲ, ನನಗೆ ತಲೆ ಕೆಟ್ಟಿದ್ದು ಆ ಮಾತಿಗೆ. ಒಬ್ಬಳೇ ಹೋಗೋದಕ್ಕಲ್ಲ. ಹೆಣ್ಣುಮಗಳು ಅಂತ ಖಂಡಿತ ಅಲ್ಲ, ಅಮ್ಮ ಹಾಗೆ ತಿಳಿದುಕೊಂಡಿದ್ದಾಳೆ.

ಚಿಕ್ಕಪ್ಪನ ವಿಷಯ ಎತ್ತುವುದಿಲ್ಲ. ಆದರೆ ಇನ್ನೊಂದಿದೆ, ನಿನಗೆ ಗೊತ್ತಿಲ್ಲದ್ದು, ಯಾಕೆಂದರೆ ನೀನು ನಿದ್ದೆ ಹೊಡೆಯುತ್ತಿದ್ದೆ. ನೀನು ಎರಡನೇ ಕ್ಲಾಸು. ಪುತ್ತೂರಿನಲ್ಲಿ ಅಜ್ಜಿಗೆ ಸೀರಿಯಸ್ ಅಂತ ಫೋನು ಬಂದು ರಾತ್ರೋರಾತ್ರಿ ಬಾಡಿಗೆ ಕಾರಿನಲ್ಲಿ ಹೊರಟೆವು. ನೀನು, ಅಮ್ಮ ಹಿಂದೆ, ನಾನು ಮುಂದೆ. ಸಕಲೇಶಪುರದಲ್ಲಿ ಚಹಾ ಕುಡಿದೆವು. ಡ್ರೈವರ್ ಎರಡು ಗ್ಲಾಸ್ ಕುಡಿದ, ನಲ್ಲಿಗೆ ತಲೆ ಒಡ್ಡಿ ನೀರು ಸುರಿದುಕೊಂಡ, ಕಾಲರ್ ಎಲ್ಲಾ ಒದ್ದೆ. ಏನೂ ತೊಂದರೆ ಇಲ್ಲ ಸಾರ್ ಅಂತ ಟೇಪಿನ ಸೌಂಡು ಪೂರ್ತಿ ಏರಿಸಿದ. ಕುಣಿಯೋ ಹಾಡು, ಬಾಗಿಲೆಲ್ಲಾ ಅದುರುತ್ತಿತ್ತು. ದೋಣಿಗಾಲ್ ದಾಟಿ ಶಿರಾಡಿ ಘಾಟಿ ಇಳಿಯುತ್ತಿದ್ದೇವೆ, ಹಾಡಿನ ತಾಳಕ್ಕೆ ಅವನು ಸ್ಟೇರಿಂಗ್ ಮೇಲೆ ಬೆರಳು ಬಡಿಯುತ್ತಿದ್ದ. ನಾನು ಆ ಬೆರಳನ್ನೇ ನೋಡುತ್ತಿದ್ದೆ. ಒಂದು ತಿರುವಿನ ಹತ್ತಿರ ಬೆರಳು ನಿಂತಿತು. ಹಾಡು ನಿಂತಿರಲಿಲ್ಲ. ಕಣ್ಣು ನೋಡಿದೆ, ತೆರೆದೇ ಇತ್ತು. ಅದೇ ನನಗೆ ಇವತ್ತಿಗೂ ಅರಗದ ವಿಷಯ, ಕಣ್ಣು ತೆರೆದಿತ್ತು, ಆದರೆ ಅವನು ಅಲ್ಲಿರಲಿಲ್ಲ. ಭುಜ ಹಿಡಿದು ಅಲ್ಲಾಡಿಸಿದೆ. ಎದುರಿನ ಲಾರಿಯ ಲೈಟು ನಿನ್ನ ಮುಖದ ಮೇಲೆ ಬಿದ್ದು ಹೋಯಿತು, ನೀನು ಮಗ್ಗುಲು ಬದಲಿಸಿದೆ, ಅಷ್ಟೇ. ಗುಂಡ್ಯ ಬರೋತನಕ ಅವನನ್ನು ಬಾಯ್ತುಂಬ ಮಾತಾಡಿಸಿದೆ. ಊರು ಯಾವುದು, ಮಕ್ಕಳೆಷ್ಟು, ಅಡಿಕೆ ರೇಟು ಎಷ್ಟು. ಪಾಪ, ಹಿಂದಿನ ದಿನವೂ ಅವನು ನಿದ್ದೆ ಮಾಡಿರಲಿಲ್ಲವಂತೆ.

ಹಾಡು ನಿದ್ದೆ ತಡೆಯುವುದಿಲ್ಲ ಪುಟ್ಟೀ. ಚಹಾ, ನೀರು, ಕಿಟಕಿ ಇಳಿಸೋದು, ಯಾವುದೂ ತಡೆಯೋದಿಲ್ಲ, ಸ್ವಲ್ಪ ಹೊತ್ತು ಮುಂದೆ ಹಾಕುತ್ತವೆ ಅಷ್ಟೇ. ನಿದ್ದೆಗೆ ಮದ್ದು ನಿದ್ದೆಯೇ. ಆಕಳಿಕೆ ಬಂದರೆ, ಈಗಷ್ಟೇ ದಾಟಿದ ಬೋರ್ಡಿನಲ್ಲಿ ಏನಿತ್ತು ಅಂತ ನೆನಪಾಗದಿದ್ದರೆ, ಗಾಡಿ ಗೆರೆ ತುಳಿದರೆ, ಮುಂದಿನ ರೆಸ್ಟ್ ಏರಿಯಾದಲ್ಲಿ ಬಾಗಿಲು ಲಾಕ್ ಮಾಡಿ ಇಪ್ಪತ್ತು ನಿಮಿಷ ಮಲಗು. ಸೌತ್ ಡಕೋಟಾದಲ್ಲಿ ವೇಗದ ಮಿತಿಯೇ 80 ಮೈಲಿ, ಅಂದರೆ ಗಂಟೆಗೆ ಸುಮಾರು 129 ಕಿಲೋಮೀಟರ್. ರಸ್ತೆ ಪಟ್ಟಿ ಎಳೆದ ಹಾಗೆ ನೇರ. ಘಾಟಿ ತಿರುವಿನಲ್ಲಾದರೂ ಭಯ ಎಚ್ಚರ ಇಡುತ್ತದೆ, ಅಲ್ಲಿ ಅದೂ ಇಲ್ಲ. ಕತ್ತಲಾಗೋ ಹೊತ್ತಿಗೆ ಜಿಂಕೆ ಬೇರೆ ಅಡ್ಡ ಬರುತ್ತವೆ.

ಆಯಿತು, ಆಯಿತು. ಹಾಡು.

ಬೆಳಿಗ್ಗೆ ಹೊರಡುವಾಗ 'ಹಿಯರ್ ಕಮ್ಸ್ ದ ಸನ್'. ಬೀಟಲ್ಸ್, 1969. ಆಫೀಸಿನ ಮೀಟಿಂಗು ಬೇಸರವಾಗಿ, ಚಕ್ಕರ್ ಹೊಡೆದು, ಗೆಳೆಯ ಎರಿಕ್ ಕ್ಲ್ಯಾಪ್ಟನ್ ತೋಟದಲ್ಲಿ ಕೂತು ಜಾರ್ಜ್ ಹ್ಯಾರಿಸನ್ ಬರೆದದ್ದು. ಬಯಲಲ್ಲಿ 'ಎ ಹಾರ್ಸ್ ವಿತ್ ನೋ ನೇಮ್'. ಇದು ಎ ಅಕ್ಷರದ ಹಾಡು ಅಂತ ನನ್ನ ವಾದ, ಎಚ್ ಅಂತ ನಿನ್ನ ವಾದ, ಹಾಸನ ಬರೋತನಕ ಜಗಳ ಆಡಿದ್ದೇವೆ. ಈ ಸಲ ಮುಂದಿನ ಎ, ದ ಲೆಕ್ಕಕ್ಕಿಲ್ಲ ಅನ್ನೋ ನಿನ್ನ ರೂಲೇ ಇರಲಿ. ಅದೇ ಲೆಕ್ಕದಲ್ಲಿ ಅನಿಮಲ್ಸ್ ತಂಡದ 'ದ ಹೌಸ್ ಆಫ್ ದ ರೈಸಿಂಗ್ ಸನ್' ಕೂಡ ಒಳಗೆ ಬಂತು, 1964ರದ್ದು, ಆ ಆರ್ಗನ್ ಶುರುವಾದರೆ ಈಗಲೂ ನನ್ನ ಕೈಯ ರೋಮ ಎದ್ದು ನಿಲ್ಲುತ್ತದೆ. 'ಹೋಟೆಲ್ ಕ್ಯಾಲಿಫೋರ್ನಿಯಾ' ಬೇಕಿಲ್ಲ. ಬೆಂಗಳೂರಿನಲ್ಲಿ ಗಿಟಾರ್ ಹಿಡಿದ ಹುಡುಗರೆಲ್ಲಾ ಬಾರಿಸಿ ಬಾರಿಸಿ ಅದನ್ನು ಸವೆಸಿಬಿಟ್ಟಿದ್ದಾರೆ. 'ಹರ್ಟ್', 'ಹಲೆಲೂಯಾ' ಎರಡೂ ಒಳ್ಳೆಯ ಹಾಡು, ಆದರೆ ಒಬ್ಬಳೇ ಇರುವಾಗ ಬೇಡ, ಮನೆ ಸೇರಿ ಸಾಮಾನು ಜೋಡಿಸುವಾಗ ಕೇಳು.

ಮೊಂಟಾನಾದಲ್ಲಿ ಬ್ಯೂಟ್ ಹತ್ತಿರ ಹೋಮ್‌ಸ್ಟೇಕ್ ಪಾಸ್ ಅನ್ನೋ ಘಾಟಿ, ಐ-90ರಲ್ಲೇ ಅತಿ ಎತ್ತರದ ಜಾಗ, 6,300 ಅಡಿಗೂ ಜಾಸ್ತಿ. ಅದೂ ಎಚ್. ಅಲ್ಲಿ ಹಾಡು ಆಫ್ ಮಾಡು, ಹಿಮ ಇರಬಹುದು, ಸುಮ್ನೆ ರಸ್ತೆ ನೋಡು.

ಸಿಯಾಟಲ್ ಹತ್ತಿರ ಬಂದಾಗ ಎರಡು. ಆ ಊರಿನವನೇ ಆದ ಜಿಮಿ ಹೆಂಡ್ರಿಕ್ಸ್‌ನ 'ಹೇ ಜೋ', ಅವನ ಮೊದಲ ಸಿಂಗಲ್, 1966. ಇನ್ನೊಂದು ಟೆಂಪಲ್ ಆಫ್ ದ ಡಾಗ್ ತಂಡದ 'ಹಂಗರ್ ಸ್ಟ್ರೈಕ್', 1991. ಆ್ಯಂಡ್ರೂ ವುಡ್ ಅನ್ನೋ ಗಾಯಕ ಸತ್ತಾಗ ಅವನ ರೂಂಮೇಟ್ ಕ್ರಿಸ್ ಕಾರ್ನೆಲ್, ಉಳಿದ ಗೆಳೆಯರು ಸೇರಿ ಮಾಡಿದ ಆಲ್ಬಂ ಅದು. ಊರಿಗೆ ಹೊಸದಾಗಿ ಬಂದಿದ್ದ ಎಡ್ಡಿ ವೆಡರ್‌ನನ್ನೂ ಜೊತೆಗೆ ಹಾಡಿಸಿದರು. ಹೊಸಬರಿಗೆ ಜಾಗ ಕೊಡೋ ಊರು ಅಂತ ಕಾಣುತ್ತದೆ.

'ಹೇ ಜೂಡ್' ಬಿಟ್ಟೆ ಅಂದುಕೊಂಡೆಯಾ? ಅದನ್ನು ಯಾವಾಗ ಬೇಕಾದರೂ ಹಾಕು. ಬೀಟಲ್ಸ್ ತಂಡದ ಪಾಲ್ ಮೆಕಾರ್ಟ್ನಿಗೆ ಅದು ಹೊಳೆದಿದ್ದು ಕಾರು ಓಡಿಸುವಾಗ. ಅಪ್ಪ ಅಮ್ಮ ಬೇರೆಯಾಗುತ್ತಿದ್ದರು ಅಂತ ತಂಡದ ಜೊತೆಗಾರ ಜಾನ್ ಲೆನನ್‌ನ ಪುಟ್ಟ ಮಗನಿಗೆ ಸಮಾಧಾನ ಹೇಳೋಕೆ ಹೊರಟಿದ್ದ. ಮಗುವಿಗೆ ಹೇಳಬೇಕಾದ್ದನ್ನು ಮೂರು ನಿಮಿಷದಲ್ಲಿ ಹೇಳಿ ಮುಗಿಸಿ, ಉಳಿದ ನಾಲ್ಕು ನಿಮಿಷ ಬರೀ ನ ನ ನ ಅಂತಾನೆ. ನನಗೆ ಆ ಕಲೆ ಬರಲಿಲ್ಲ.

ಇನ್ನೊಂದು. ಬೈಯಬೇಡ. ಆಲ್ಬರ್ಟ್ ಲೀ, ರ‍್ಯಾಪಿಡ್ ಸಿಟಿ, ಬಿಲ್ಲಿಂಗ್ಸ್, ಮಿಸೌಲಾ, ನಾಲ್ಕೂ ಕಡೆ ನಿನ್ನ ಹೆಸರಿನಲ್ಲಿ ರೂಮ್ ಬುಕ್ ಮಾಡಿದ್ದೇನೆ. ದುಡ್ಡು ಕಟ್ಟಾಗಿದೆ. ಕ್ಯಾನ್ಸಲ್ ಮಾಡಿದರೆ ಒಂದು ಡಾಲರೂ ವಾಪಸ್ ಬರೋದಿಲ್ಲ, ಅಂಥದ್ದನ್ನೇ ಹುಡುಕಿ ಮಾಡಿದ್ದೇನೆ.

ನಿನ್ನ
ಅಪ್ಪ