ಭಾನುವಾರದ ತಾಮ್ಹಿಣಿ ಘಾಟ್ ಬೈಕ್ ಸವಾರಿಗೆ ಮುನ್ನ

ಪುಣೆಯ ನಮ್ಮ ಕನ್ನಡ ಸವಾರರ ಗುಂಪಿನ ಎಲ್ಲ ಸದಸ್ಯರಿಗೆ ನಮಸ್ಕಾರ.

‘ನಿಮ್ಮ ಸವಾರಿಗೆ ಹತ್ತಕ್ಕೆ ಎಷ್ಟು ಅಂಕ?’ ಎಂದು ಕಳೆದ ವಾರ ಇಲ್ಲಿ ಕೇಳಿದಾಗ ಏಳಕ್ಕಿಂತ ಕಡಿಮೆ ಕೊಟ್ಟುಕೊಂಡವರು ಒಬ್ಬರೂ ಇರಲಿಲ್ಲ; ನಾನೂ ಎಂಟು ಎಂದೇ ಬರೆದಿದ್ದೆ. 1981ರಲ್ಲಿ ಪ್ರಕಟವಾದ, ಸ್ವೀಡನ್ನಿನ ಮನೋವಿಜ್ಞಾನಿ ಓಲಾ ಸ್ವೆನ್ಸನ್ ಅವರ ಅಧ್ಯಯನದಲ್ಲಿಯೂ ಅಮೆರಿಕದ ವಿದ್ಯಾರ್ಥಿ ಚಾಲಕರಲ್ಲಿ ಶೇ. 93ರಷ್ಟು ಮಂದಿ ತಮ್ಮ ಕೌಶಲ ಗುಂಪಿನ ನಡುಮಟ್ಟಕ್ಕಿಂತ (ಅರ್ಧ ಜನ ಮೇಲೆ, ಅರ್ಧ ಜನ ಕೆಳಗೆ ಇರುವ ಮಟ್ಟಕ್ಕಿಂತ) ಮೇಲಿದೆ ಎಂದಿದ್ದರು, ಆದರೆ ಅರ್ಧಕ್ಕಿಂತ ಹೆಚ್ಚು ಜನ ನಡುಮಟ್ಟದ ಮೇಲಿರುವುದು ಲೆಕ್ಕದಲ್ಲೇ ಸಾಧ್ಯವಿಲ್ಲ.

ಈ ಭ್ರಮೆ ಬೆಳೆಯುವುದು ನಾವು ತಪ್ಪು ಮಾಡಿಯೂ ಪಾರಾಗುವುದರಿಂದ ಎಂದು ನನಗೆ ಅನಿಸುತ್ತದೆ. ಕಾತ್ರಜ್ ಸುರಂಗ ದಾಟಿ ನವಲೆ ಸೇತುವೆಯತ್ತ ಇಳಿಯುವಾಗ, ತುಂತುರು ಮಳೆಯಲ್ಲಿ ರಸ್ತೆಯ ಬಿಳಿ ಪಟ್ಟೆಯ ಮೇಲೆ ಬ್ರೇಕ್ ಒತ್ತಿದ ನನ್ನ ಗಾಡಿಯ ಹಿಂಚಕ್ರ ಒಂದು ಗೇಣು ಪಕ್ಕಕ್ಕೆ ಜಾರಿತು. ಹಿಂದೆ ಲಾರಿ ಇರಲಿಲ್ಲ, ಅಷ್ಟೆ. ಮನೆಗೆ ಬಂದು ಅದನ್ನು ನನ್ನ ಚಾಕಚಕ್ಯತೆ ಎಂದು ಹೇಳಿಕೊಂಡಿದ್ದಕ್ಕೆ ಇಂದಿಗೂ ನಾಚಿಕೆಯಾಗುತ್ತದೆ.

ಗಂಟೆಗೆ 60 ಕಿ.ಮೀ. ವೇಗದಲ್ಲಿ ಗಾಡಿ ಸೆಕೆಂಡಿಗೆ ಸುಮಾರು 17 ಮೀಟರ್ ಸಾಗುವುದರಿಂದ, ಅಪಾಯ ಕಂಡು ಕೈ ಬ್ರೇಕಿಗೆ ಹೋಗಲು ಒಂದೂವರೆ ಸೆಕೆಂಡು ಹಿಡಿದರೆ 25 ಮೀಟರ್ ಆಗಲೇ ಕಳೆದಿರುತ್ತದೆ, ಮತ್ತು ಎಷ್ಟೇ ಅನುಭವವಿದ್ದರೂ ಈ ದೂರ ಇಲ್ಲವಾಗುವುದಿಲ್ಲ.

ಆದ್ದರಿಂದ ಭಾನುವಾರ ಬೆಳಿಗ್ಗೆ 6ಕ್ಕೆ ಚಾಂದನಿ ಚೌಕದಲ್ಲಿ ಸೇರಿದಾಗ, ಪ್ರತಿಯೊಬ್ಬರೂ ತಮ್ಮ ಸವಾರಿಯನ್ನು ಗಮನಿಸಿ ತಪ್ಪು ಹೇಳುವ ಒಬ್ಬ ಜೊತೆಗಾರರನ್ನು ಆರಿಸಿಕೊಳ್ಳಬೇಕೆಂದು ಕೋರುತ್ತೇನೆ. ಟೈರ್ ಸವೆದಿರುವವರು ಶುಕ್ರವಾರದೊಳಗೆ ಬದಲಾಯಿಸಿಕೊಳ್ಳಿ. ಆಗದಿದ್ದರೆ ಯಾರದಾದರೂ ಹಿಂದೆ ಕುಳಿತು ಬನ್ನಿ.