ಅಟ್ಟದ ಸಾಮಾನು ಗುಜರಿಗೆ ಹಾಕೋ ಮುಂಚೆ

ಮಾನ್ಯ ಸಂಪಾದಕರೇ,

ಹೋದ ತಿಂಗಳು ನಮ್ಮ ಹತ್ರದ ಒಂದು ಚಿಕ್ಕ ಚರ್ಚ್‌ನೋರು ಹೆಂಚು ಬದಲಾಯಿಸೋಕೆ ದುಡ್ಡು ಸಾಲ್ತಿಲ್ಲ ಅಂತ ಭಾನುವಾರದ ಪೂಜೆ ಮುಗಿದ ಮೇಲೆ ಅಂಗಳದಲ್ಲೇ ಹಳೇ ಸಾಮಾನಿನ ಸೇಲ್ ಇಟ್ಟಿದ್ರು, ಯಾರ್ ಯಾರ ಮನೆಯಲ್ಲಿ ಏನೇನು ಬೇಡವಾಗಿದ್ಯೋ ತಂದು ಕೊಡಿ, ಬಂದ ದುಡ್ಡೆಲ್ಲ ಹೆಂಚಿಗೆ ಅಂತ. ನಾನು ಆ ಚರ್ಚಿನೋಳಲ್ಲ, ಪಕ್ಕದ ಮನೆಯೋರು ಕರೆದ್ರು ಅಂತ ಹೋದೆ. ಹೋಗಿ ಕಾಫಿ ಬೀಜ ಪುಡಿ ಮಾಡೋ ಒಂದು ಮಿಷಿನ್ ಹೊತ್ಕೊಂಡು ಬಂದೆ. ಮನೆಯೋರು ಗೇಟ್ ಹತ್ರಾನೇ ನಿಂತು "ಇನ್ನೊಂದು ಗುಜರಿ ಬಂತಾ" ಅಂದ್ರು.

ಅದು ಸ್ಪಾಂಗ್ ಅಂತ ಬರೆದಿರೋ ಕೈಯಲ್ಲಿ ತಿರುಗಿಸೋ ಮಿಷಿನ್ ಕಣ್ರಿ, ಎರಕದ ಕಬ್ಬಿಣದ್ದು, ಇಂಗ್ಲೆಂಡಿಂದ ಬಂದದ್ದು, ಮೇಜಿನ ಅಂಚಿಗೆ ಸ್ಕ್ರೂ ಹಾಕಿ ಬಿಗಿ ಮಾಡೋ ಥರದ್ದು. ನಮ್ಮ ಜಿಲ್ಲೇಲಿ ಅರವತ್ತು ದಾಟಿದೋರಿಗೆ ಹೇಳ್ಬೇಕಾಗಿಲ್ಲ, ಬೆಳಗ್ಗೆ ಬೆಳಗ್ಗೆ ಇದರ ಕರಕರ ಸದ್ದಿಗೇ ಎದ್ದು ಬೆಳೆದೋರು ನಾವು. ನೂರೈವತ್ತು ರೂಪಾಯಿ ಚೀಟಿ ಅಂಟಿಸಿದ್ರು, ಹೆಂಚಿಗೆ ಅಲ್ವಾ ಅಂತ ಚೌಕಾಸಿ ಮಾಡದೆ ಇನ್ನೂರು ಕೊಟ್ಟೆ. ಒಂದು ರಾತ್ರಿ ಸೀಮೆಎಣ್ಣೆಯಲ್ಲಿ ನೆನೆಸಿಟ್ಟು, ಉಜ್ಜಿ, ಸೋಪ್ ಹಾಕಿ ತೊಳೆದು ಬಿಸಿಲಿಗೆ ಒಣಗಿಸಿ, ಆಮೇಲೆ ಎರಡು ಹಿಡಿ ಅಕ್ಕಿ ಹಾಕಿ ತಿರುಗಿಸಿದ್ರೆ ಒಳಗಿನ ತುಕ್ಕೆಲ್ಲ ಅಕ್ಕಿ ಜೊತೆ ಕೆಂಪಗೆ ಬಂತು, ಮೂರನೇ ಸಲ ಅಕ್ಕಿ ಬಿಳೀಗೇ ಬಿತ್ತು. ಈಗ ಪೀಬೆರಿ, ಅದೇ ಒಂಟಿ ಕಾಳಿನ ಕಾಫಿ ಬೀಜ, ಹಾಕಿ ದಿನಾ ಪುಡಿ ಮಾಡ್ತೀನಿ. ಮಿಕ್ಸಿ ಬ್ಲೇಡು ಬೀಜಾನ ಚೂರು ಚೂರು ಮಾಡುತ್ತೆ, ಒಂದಿಷ್ಟು ರವೆ ಒಂದಿಷ್ಟು ಧೂಳು, ಆ ಧೂಳು ಫಿಲ್ಟರ್ ತೂತು ಕಟ್ಟಿ ಡಿಕಾಕ್ಷನ್ ಇಳಿಯೋದೇ ಇಲ್ಲ. ಈ ಮಿಷಿನ್‌ನಲ್ಲಿ ಹಲ್ಲಿರೋ ಎರಡು ಬಿಲ್ಲೆ ಮಧ್ಯೆ ಅರೆಯೋದ್ರಿಂದ ಒಂದೇ ಸಮ ಪುಡಿ ಬರುತ್ತೆ, ತಿರುಪು ಬಿಗಿ ಮಾಡಿದ್ರೆ ನುಣ್ಣಗೆ, ಸಡಿಲ ಮಾಡಿದ್ರೆ ತರಿ. ಗುಜರಿ ಅಂದೋರೇ ಈಗ ಎರಡನೇ ಲೋಟ ಕೇಳ್ತಾರೆ.

ಆದ್ರೆ ಸಂಪಾದಕರೇ ನಾನು ಬರೀತಿರೋದು ಮಿಷಿನ್ ಬಗ್ಗೆ ಹೇಳ್ಕೊಳ್ಳೋಕಲ್ಲ. ಆ ಸೇಲ್‌ಗೆ ಎರಡು ಪ್ಲಾಂಟರ್ ಚೇರ್ ಬಂದಿದ್ವಂತೆ, ಅದೇ ಕಾಲು ಚಾಚಿ ಇಡೋಕೆ ಉದ್ದ ಕೈ ಇರೋ ಬೀಟೆ ಮರದ ಬೆತ್ತದ ಕುರ್ಚಿ. ಜೊತೆಗೊಂದು ಜಾಲರಿ ಬೀರು, ನಾಲ್ಕು ದೊಡ್ಡ ಉಪ್ಪಿನಕಾಯಿ ಭರಣಿ. ಇವ್ಯಾವ್ದನ್ನೂ ನಾವು ನೋಡ್ಲೇ ಇಲ್ಲ. ಪೂಜೆ ನಡೀತಿರೋವಾಗ್ಲೇ ಹೊರಗಡೆಯಿಂದ ಒಂದು ವ್ಯಾನ್ ಬಂದು ಒಟ್ಟಿಗೆ ರೇಟ್ ಮಾತಾಡಿ ತುಂಬ್ಕೊಂಡು ಹೋಗಿದೆ. ಒಳಗೆ ಪ್ರಾರ್ಥನೆ ಮಾಡ್ತಿದ್ದೋರ ಮನೆ ಸಾಮಾನು ಹೊರಗೆ ವ್ಯಾನ್ ಹತ್ತಿದೆ ಅಂತ ಕೆಲವರು ನಗ್ತಿದ್ರು, ನಂಗೆ ನಗು ಬರ್ಲಿಲ್ಲ.

ನಮ್ಮ ಕಡೆ ಇಂಥ ಸಾಮಾನು ಇಷ್ಟೊಂದು ಯಾಕಿದೆ ಅಂದ್ರೆ ಎಲ್ಲಾ ಕಾಫಿಯಿಂದ್ಲೇ. ಬ್ರಿಟಿಷ್ ಪ್ಲಾಂಟರ್‌ಗಳು ಬಾಬಾಬುಡನ್‌ಗಿರಿ ಕಡೆ, ಮೂಡಿಗೆರೆ ಸಕಲೇಶಪುರ ಕಡೆ ತೋಟ ಮಾಡಿ ಬಂಗ್ಲೆ ಕಟ್ಟಿಸ್ಕೊಂಡು ಅದರ ತುಂಬ ಅವರ ದೇಶದ ಪಿಂಗಾಣಿ, ಲ್ಯಾಂಪು, ಚಮಚ ಎಲ್ಲಾ ತುಂಬಿಸಿದ್ರು, ಸ್ವಾತಂತ್ರ್ಯ ಬಂದ ಮೇಲೆ ಒಬ್ಬೊಬ್ಬರಾಗಿ ತೋಟ ಮಾರಿ ಹೋಗುವಾಗ ಎಷ್ಟೋ ಜನ ಸಾಮಾನು ಸಮೇತ ಬಿಟ್ಟು ಹೋದ್ರು. ಅದು ತಗೊಂಡ ಮನೆಯೋರ ಬಳಿ ಎರಡು ತಲೆಮಾರು ಇತ್ತು. ಈಗ ಮಕ್ಕಳು ಬೆಂಗಳೂರಲ್ಲಿ, ಬಂಗ್ಲೆ ಹೋಮ್‌ಸ್ಟೇ ಆಗಿದೆ, ಬಾತ್‌ರೂಂಗೆ ಹೊಸ ಟೈಲ್ಸ್ ಬಂದಿದೆ, ಹಳೇದೆಲ್ಲ ಹೊರಗೆ. ಹೊರಗೆ ಅಂದ್ರೆ ತೂಕಕ್ಕೆ. ಹಿತ್ತಾಳೆ ಕೆಜಿಗಿಷ್ಟು, ಕಬ್ಬಿಣ ಕೆಜಿಗಿಷ್ಟು, ಪೇಪರ್ ಕೆಜಿಗಿಷ್ಟು.

ಪೇಪರ್ ಅಂದ್ನಲ್ಲ. ಮೂರು ವರ್ಷದ ಹಿಂದೆ ಒಂದು ಗುಜರಿ ಅಂಗಡಿ ಮುಂದೆ ಗಂಟು ಕಟ್ಟಿಟ್ಟ ಪುಸ್ತಕದ ರಾಶಿಯಲ್ಲಿ ನಂಗೊಂದು ಉದ್ದ ಲೆಕ್ಕದ ಪುಸ್ತಕ ಸಿಕ್ತು. ಯಾವುದೋ ಎಸ್ಟೇಟ್‌ನ ರೈಟರು, ಅಂದ್ರೆ ಲೆಕ್ಕ ಬರೆಯೋ ಗುಮಾಸ್ತರು, ಬರೆದದ್ದು, ಒಂದು ಕಡೆ ಆಳುಗಳ ಬಟವಾಡೆ, ಇನ್ನೊಂದು ಕಡೆ ದಿನದ ಮಳೆ, ಇಂಚು ಸೆಂಟ್ಸ್‌ನಲ್ಲಿ, ಸೆಂಟು ಅಂದ್ರೆ ಇಂಚಿನ ನೂರರಲ್ಲೊಂದು ಪಾಲು. ಇವತ್ತಿಗೂ ನಮ್ಮ ಬೆಳೆಗಾರರು ಮಳೆ ಮಾತಾಡೋದು ಹಾಗೇ ಅಲ್ವಾ, ಮಿಲಿಮೀಟರ್ ಎಲ್ಲ ಟಿವಿಯೋರಿಗೆ, ನಮಗೆ ಒಂದು ಇಂಚು ಇಪ್ಪತ್ತು ಸೆಂಟು ಅಂದ್ರೇನೇ ತಲೆಗೆ ಹೋಗೋದು. ಕಾಫಿ ಗಿಡ ಹೂ ಬಿಡಿಸೋ ಹೂಮಳೆ ಬಿದ್ದ ದಿನಕ್ಕೆ ಆ ರೈಟರು ಕೆಂಪು ಶಾಯಿಯಲ್ಲಿ ಗೆರೆ ಎಳೆದಿದ್ದಾರೆ. ಬಟವಾಡೆ ಕಡೆ 1957ರ ಮಾರ್ಚ್ ಕೊನೆವರೆಗೂ ರೂಪಾಯಿ, ಆಣೆ, ಪೈ. ಏಪ್ರಿಲ್ 1ಕ್ಕೆ ನಯಾ ಪೈಸೆ ಬಂತಲ್ಲ, ಹದಿನಾರು ಆಣೆಯ ರೂಪಾಯಿ ನೂರು ಪೈಸೆ ಆಯ್ತಲ್ಲ, ಆ ಪುಟದಿಂದ ಪಾಪ ರೈಟರಿಗೆ ಒಂದೇ ಗೊಂದಲ, ಹೊಡೆದು ಹಾಕಿರೋದು, ಮತ್ತೆ ಬರೆದಿರೋದು, ಅಂಚಿನಲ್ಲಿ ನಾಲ್ಕಾಣೆ ಅಂದ್ರೆ ಇಪ್ಪತ್ತೈದು ಅಂತ ತನಗೇ ತಾನು ಬರ್ಕೊಂಡಿರೋದು. ಇಡೀ ಗಂಟಿಗೆ ಕೊಟ್ಟಿದ್ದು ಅರವತ್ತು ರೂಪಾಯಿ. ಇನ್ನೆರಡು ದಿನ ಬಿಟ್ಟು ಹೋಗಿದ್ರೆ ಅದರಲ್ಲಿ ಕಡ್ಲೆಕಾಯಿ ಕಟ್ಟಿ ಕೊಡ್ತಿದ್ರು.

ಎಲ್ಲಾ ಸಲ ಹೀಗೇ ಅದೃಷ್ಟ ಹೊಡೀತು ಅಂತ ತಿಳ್ಕೋಬೇಡಿ. ಒಂದ್ಸಲ ಆರು ಹಳೇ ಚಮಚ ಬೆಳ್ಳೀದೇ ಅಂತ ಖುಷಿಯಾಗಿ ತಂದು, ನೆಂಟರಿಗೆಲ್ಲ ಫೋಟೋ ಕಳಿಸಿ, ಬೆಳ್ಳಿ ಅಂಗಡಿಗೆ ತಗೊಂಡು ಹೋದ್ರೆ ಅವರು ಹಿಂದೆ ತಿರುಗಿಸಿ ತೋರಿಸಿ ನಕ್ಕರು. ಇ.ಪಿ.ಎನ್.ಎಸ್. ಅಂತ ಸಣ್ಣಕ್ಕೆ ಒತ್ತಿತ್ತು. ಹಂಗಂದ್ರೆ ಒಳಗಡೆ ತಾಮ್ರ, ಸತು, ನಿಕ್ಕಲ್ ಸೇರಿಸಿದ ಲೋಹ, ಹಳಬರು ಜರ್ಮನ್ ಸಿಲ್ವರ್ ಅಂತಿದ್ರಲ್ಲ ಅದೇ, ಮೇಲೆ ಮಾತ್ರ ಬೆಳ್ಳಿ ಲೇಪ. ಇಂಗ್ಲೆಂಡಿನ ನಿಜವಾದ ಬೆಳ್ಳಿ ಆದ್ರೆ ನಡೀತಿರೋ ಸಿಂಹದ ಮುದ್ರೆ ಇರುತ್ತೆ. ಹಿತ್ತಾಳೆ ಅಂತ ಹೇಳಿ ಕಬ್ಬಿಣಕ್ಕೆ ಬಣ್ಣ ಹಾಕಿ ಕೊಡೋರೂ ಇದ್ದಾರೆ, ಅದಕ್ಕೇ ಬ್ಯಾಗಲ್ಲಿ ಒಂದು ಅಯಸ್ಕಾಂತ ಇಟ್ಕೊಂಡೇ ಹೋಗ್ತೀನಿ, ಅಂಟ್ಕೊಂಡ್ರೆ ಹಿತ್ತಾಳೆ ಅಲ್ಲ.

ಮಗಳು ನ್ಯೂಜೆರ್ಸಿಯಲ್ಲಿರೋದು, ಅಲ್ಲಿಗೆ ಹೋದಾಗ ಐದು ತಿಂಗಳು ನಂಗೆ ಇದೇ ಕೆಲಸ. ಅಲ್ಲಿ ಶನಿವಾರ ಬೆಳಗ್ಗೆ ಲೈಟ್ ಕಂಬಕ್ಕೆ ರಟ್ಟಿನ ಬೋರ್ಡ್ ಕಟ್ಟಿರ್ತಾರೆ, ಯಾರ್ಡ್ ಸೇಲ್, ಇಂಥ ಬೀದಿ ಅಂತ ಬಾಣದ ಗುರುತು. ಕಾರ್ ನಿಲ್ಲಿಸೋ ಜಾಗದಲ್ಲಿ ಮೇಜು ಹಾಕಿ ಮಕ್ಕಳ ಬಟ್ಟೆ, ಸೈಕಲ್ಲು, ದೀಪ, ತಟ್ಟೆ ಎಲ್ಲದಕ್ಕೂ ಚೀಟಿ. ಚರ್ಚ್‌ಗಳಲ್ಲಿ ನೆಲಮಾಳಿಗೆ ಹಾಲ್‌ನಲ್ಲಿ ರಮ್ಮೇಜ್ ಸೇಲ್ ಅಂತ ಮಾಡ್ತಾರೆ, ಏಪ್ರನ್ ಕಟ್ಕೊಂಡ ಅಜ್ಜಿಯರೇ ಕ್ಯಾಶಿಯರ್‌ಗಳು, ಕೊನೇ ಗಂಟೆಯಲ್ಲಿ ಒಂದು ಚೀಲಕ್ಕೆ ಇಷ್ಟು ಅಂತ ರೇಟ್, ಹಿಡಿಸಿದಷ್ಟು ತುಂಬ್ಕೊಂಡು ಹೋಗಬಹುದು. ಅಲ್ಲೊಂದು ಹಿತ್ತಾಳೆ ಹೂದಾನಿ, ಏನು ಕೆತ್ತನೆ ಅಂತೀರಾ, ಭಾರಿ ವಿದೇಶಿ ಮಾಲು ಸಿಕ್ತು ಅಂತ ಮನೆಗೆ ತಂದು ಬುಡ ನೋಡಿದ್ರೆ ಮೇಡ್ ಇನ್ ಇಂಡಿಯಾ. ಮೊರಾದಾಬಾದ್ ಕಡೇದಿರ್ಬೇಕು, ಅಲ್ಲಿಂದ ತಾನೇ ಅಷ್ಟೊಂದು ಹಿತ್ತಾಳೆ ಹಡಗು ಹತ್ತೋದು. ವಾಪಸ್ ಬರುವಾಗ ಸೂಟ್‌ಕೇಸಲ್ಲಿ ಹಾಕ್ಕೊಂಡು ಬಂದೆ, ಪಾಪ ಊರು ನೋಡ್ಲಿ ಅಂತ.

ನಮ್ಮಲ್ಲಿ ಯಾಕಾಗಲ್ಲ ಅಂದ್ರೆ ಮರ್ಯಾದೆ. ಮನೆ ಮುಂದೆ ಸಾಮಾನು ಇಟ್ರೆ ಇವರ ಸಂಸಾರ ಬೀದಿಗೆ ಬಂತು, ಸಾಲ ಆಗಿರ್ಬೇಕು ಅಂತ ಸಂಜೆಯೊಳಗೆ ಬಸವನಹಳ್ಳಿಯಿಂದ ಕಡೂರಿನವರೆಗೂ ಸುದ್ದಿ. ತಗೊಳ್ಳೋರಿಗೂ ಅಷ್ಟೇ, ಸತ್ತೋರ ಮನೇದಾ ಅಂತ ಅನುಮಾನ, ಮೇಲೆ ಶನಿವಾರ ಕಬ್ಬಿಣ ತರಬಾರದು. ಹಳೇ ಸೀರೆ ಕೊಟ್ಟು ಸ್ಟೀಲ್ ಪಾತ್ರೆ ತಗೊಳ್ಳೋವಾಗ ಮಾತ್ರ ಬೀದಿಯಲ್ಲೇ ನಿಂತು ಅರ್ಧ ಗಂಟೆ ಜಗಳ ಆಡ್ತೀವಿ, ಅದಕ್ಕೆ ಮರ್ಯಾದೆ ಅಡ್ಡ ಬರಲ್ಲ!

ಅದಕ್ಕೇ ಚರ್ಚ್ ಅಂಗಳವೇ ಸರಿ ಅನ್ಸುತ್ತೆ ನಂಗೆ, ಯಾರ ಮನೇದು ಅಂತ ಗೊತ್ತಾಗಲ್ಲ, ದುಡ್ಡು ಒಂದು ಕೆಲಸಕ್ಕೆ ಹೋಗುತ್ತೆ. ಚರ್ಚಿನೋರಿಗೆ ಇದು ಹೊಸದೂ ಅಲ್ಲ, ಸುಗ್ಗಿ ಹಬ್ಬದ ದಿನ ಬಾಳೆಗೊನೆ, ಕುಂಬಳಕಾಯಿ, ಕೋಳಿ ಎಲ್ಲಾ ಹರಾಜು ಹಾಕ್ತಾರಲ್ಲ, ಒಂದು ನಿಂಬೆಹಣ್ಣಿಗೆ ಜಿದ್ದಿಗೆ ಬಿದ್ದು ನೂರಾರು ರೂಪಾಯಿ ಕೂಗೋದನ್ನ ನೋಡಿದೀನಿ. ದೇವಸ್ಥಾನದೋರು, ಮಸೀದಿಯೋರು, ಮಹಿಳಾ ಸಮಾಜದೋರು ಯಾರು ಮಾಡಿದ್ರೂ ಆಯ್ತು. ಯುಗಾದಿಗೆ ಮುಂಚೆ ಒಂದ್ಸಲ, ದೀಪಾವಳಿಗೆ ಮುಂಚೆ ಒಂದ್ಸಲ, ಹೇಗಿದ್ರೂ ಆಗ ಎಲ್ಲರ ಮನೆಯಲ್ಲೂ ಅಟ್ಟ ಕ್ಲೀನಿಂಗ್. ಮೊದಲ ಎರಡು ಗಂಟೆ ಊರಿನೋರಿಗೆ ಮಾತ್ರ, ಒಬ್ಬರಿಗೆ ನಾಲ್ಕೈದು ಸಾಮಾನು ಅಂತ ಮಿತಿ ಹಾಕಿ, ಆಮೇಲೆ ವ್ಯಾನ್ ಬೇಕಾದ್ರೆ ಬರ್ಲಿ.

ಒಂದು ಮಾತ್ರ ಜೋಪಾನ. ಹಳೇ ಮೂರ್ತಿ, ಶಾಸನದ ತುಂಡು, ಓಲೆಗರಿ ಇಂಥದ್ದು ಬಂದ್ರೆ ಮೇಜಿನ ಮೇಲೆ ಇಡಬೇಡಿ. 1972ರ ಪುರಾವಸ್ತು ಕಾಯ್ದೆ ಪ್ರಕಾರ ನೂರು ವರ್ಷ ದಾಟಿದ ವಿಗ್ರಹ, ಕಲಾವಸ್ತು, ಎಪ್ಪತ್ತೈದು ವರ್ಷ ದಾಟಿದ ಮಹತ್ವದ ಹಸ್ತಪ್ರತಿ ಪುರಾವಸ್ತು ಆಗುತ್ತೆ, ಲೈಸೆನ್ಸ್ ಇಲ್ಲದೆ ಅದರ ವ್ಯಾಪಾರ ಮಾಡೋ ಹಾಗಿಲ್ಲ, ದೇಶದ ಹೊರಗೆ ಕಳಿಸೋ ಹಾಗಂತೂ ಇಲ್ಲವೇ ಇಲ್ಲ. ಬೆಳವಾಡಿ, ಅಮೃತಾಪುರದಂಥ ಹೊಯ್ಸಳರ ದೇವಸ್ಥಾನ ಇರೋ ಜಿಲ್ಲೆ ನಮ್ಮದು, ಗದ್ದೆ ಉಳುವಾಗ ಏನು ಬೇಕಾದ್ರೂ ಏಳಬಹುದು.

ಕೊನೇಗೆ ನನ್ನದೊಂದು ಸ್ವಾರ್ಥ. ಆ ಸ್ಪಾಂಗ್ ಮಿಷಿನ್‌ದು ಹಿಡಿಕೆ ತುದಿಯ ಮರದ ಗುಂಡು ಇಲ್ಲ, ಸದ್ಯಕ್ಕೆ ಬಟ್ಟೆ ಸುತ್ತಿ ತಿರುಗಿಸ್ತಿದೀನಿ, ಅಂಗೈ ಬೊಬ್ಬೆ ಬಂದಿದೆ. ಚಿಕ್ಕಮಗಳೂರು, ಹಾಸನದ ಯಾರದೋ ಮನೆ ಅಟ್ಟದಲ್ಲಿ ಗುಂಡು ಇದ್ದು ಮಿಷಿನ್ ಇಲ್ಲದೇ ಇರೋರು ಇದ್ದೇ ಇರ್ತಾರೆ. ಮುಂದಿನ ಸೇಲ್‌ಗೆ ಅದನ್ನ ತನ್ನಿ, ಪೂಜೆಗೆ ಮುಂಚೇನೇ ಬಂದು ಕಾಯ್ತಿರ್ತೀನಿ.

ಇತಿ,
ಒಬ್ಬ ಓದುಗಿ
ಚಿಕ್ಕಮಗಳೂರು