ಹೆಣ್ಣುಮಕ್ಕಳ ಪಾಲು ಹುಟ್ಟಿದ ಧರ್ಮದ ಮೇಲೆ ಯಾಕೆ ನಿಲ್ಲಬೇಕು?

ಮಾನ್ಯ ಸಂಪಾದಕರೇ,

ಏಕರೂಪ ನಾಗರಿಕ ಸಂಹಿತೆ, ಅಂದ್ರೆ ಮದುವೆ, ವಿಚ್ಛೇದನ, ಆಸ್ತಿ ವಿಷಯಕ್ಕೆ ಎಲ್ಲ ಧರ್ಮದವರಿಗೂ ಒಂದೇ ಕಾನೂನು ಅಂತ ಸುದ್ದಿ ಎದ್ದಾಗೆಲ್ಲ ಪತ್ರಿಕೆಗಳಿಗೆ ಎರಡು ಥರದ ಪತ್ರ ಬರ್ತವೆ. ಒಂದು ಮುಸ್ಲಿಮರನ್ನ ಬೈಯೋದು, ಇನ್ನೊಂದು ಧರ್ಮದ ವಿಷಯಕ್ಕೆ ಕೈ ಹಾಕ್ಬೇಡಿ ಅನ್ನೋದು. ಗಂಡನ ಮನೆಯಿಂದ ಹೊರಗೆ ಹಾಕಿಸ್ಕೊಂಡ ಹೆಂಗಸು ಮುಂದಿನ ತಿಂಗಳ ರೇಷನ್ನಿಗೆ ಏನ್ ಮಾಡ್ತಾಳೆ ಅನ್ನೋ ಮಾತು ಮಾತ್ರ ಎರಡರಲ್ಲೂ ಇರಲ್ಲ, ಅದಕ್ಕೇ ಇದನ್ನ ಬರೀತಿದೀನಿ.

ಶಾ ಬಾನೋ ಕೇಸ್ ಎಲ್ಲರಿಗೂ ಗೊತ್ತು ಅಂದ್ಕೋತೀವಿ, ಆದ್ರೆ ಅದರಲ್ಲಿದ್ದ ದುಡ್ಡಿನ ಲೆಕ್ಕ ಎಷ್ಟು ಜನಕ್ಕೆ ನೆನಪಿದೆ? 1932ರಲ್ಲಿ ಮದುವೆ, ಐದು ಮಕ್ಕಳು, 1975ರಲ್ಲಿ ಇಂದೋರಿನಲ್ಲಿ ವಕೀಲರಾಗಿದ್ದ ಗಂಡ ಮನೆಯಿಂದ ಹೊರಗೆ ಹಾಕಿದ್ರು, ಆಯಮ್ಮ ಜೀವನಾಂಶ ಕೇಳಿ ಕೋರ್ಟಿಗೆ ಹೋದ ಮೇಲೆ ತಲಾಕ್ ಕೊಟ್ರು. ಮ್ಯಾಜಿಸ್ಟ್ರೇಟ್ ಕೊಡಿಸಿದ್ದು ತಿಂಗಳಿಗೆ 25 ರೂಪಾಯಿ, ಹೈಕೋರ್ಟ್ ಅದನ್ನ 179 ರೂಪಾಯಿ 20 ಪೈಸೆ ಮಾಡ್ತು. ಇಷ್ಟು ಹಣ ಕೊಡಲ್ಲ, ನಮ್ಮ ಧರ್ಮದ ಕಾನೂನಲ್ಲಿ ಇಲ್ಲ ಅಂತ ಗಂಡ ಸುಪ್ರೀಂ ಕೋರ್ಟಿನ ತನಕ ಹೋದ್ರು! 1985ರ ಏಪ್ರಿಲ್ 23ರಂದು ಕೋರ್ಟ್ ಹೇಳಿದ್ದು ಸರಳ, ಜೀವನಾಂಶ ಕೊಡಿಸೋ ಸಿಆರ್‌ಪಿಸಿ (ಅಪರಾಧ ಪ್ರಕ್ರಿಯಾ ಸಂಹಿತೆ) 125ನೇ ಸೆಕ್ಷನ್ ಇರೋದೇ ಯಾರೂ ಬೀದಿಪಾಲಾಗಬಾರದು ಅಂತ, ಅದಕ್ಕೆ ಧರ್ಮ ಅಡ್ಡ ಬರಲ್ಲ ಅಂತ. ಮುಂದಿನ ವರ್ಷವೇ ಸರ್ಕಾರ ಧಾರ್ಮಿಕ ಮುಖಂಡರ ಒತ್ತಡಕ್ಕೆ ಬಗ್ಗಿ ಆ ತೀರ್ಪಿನ ಬಲ ತಗ್ಗಿಸೋಕೆ ಬೇರೆ ಕಾಯ್ದೆ ತಂತು. ವೋಟಿನ ಮುಂದೆ ಒಬ್ಬ ವಯಸ್ಸಾದ ಹೆಂಗಸಿನ 179 ರೂಪಾಯಿ ಯಾರಿಗೂ ಕಾಣಲಿಲ್ಲ. 125 ಮುಸ್ಲಿಂ ಮಹಿಳೆಯರಿಗೂ ಅನ್ವಯ ಅಂತ ಸುಪ್ರೀಂ ಕೋರ್ಟ್ ಮತ್ತೆ ಬಿಡಿಸಿ ಹೇಳೋ ಹೊತ್ತಿಗೆ 2024ರ ಜುಲೈ ಬಂದಿತ್ತು.

ಇಲ್ಲಿಯವರೆಗೆ ಓದಿ ತಲೆ ಆಡಿಸಿದ ಹಿಂದೂ ಬಾಂಧವರು ಇನ್ನೊಂದು ಕೇಸನ್ನೂ ದಯವಿಟ್ಟು ಕೇಳ್ಬೇಕು. 1955ರಲ್ಲಿ ಮದುವೆಯಾದ ಒಬ್ಬ ಹುಡುಗಿ, ಮೂರೇ ತಿಂಗಳಿಗೆ ಗಂಡ ಹಾವು ಕಚ್ಚಿ ತೀರಿಹೋದ, ಅತ್ತೆ ಮನೆಯವರು ಓಡಿಸಿಬಿಟ್ರು. ತವರಿನವರು ಓದಿಸಿದ್ರು, ಆಕೆ ಕೆಲಸಕ್ಕೆ ಸೇರಿ ದುಡಿದು ಬ್ಯಾಂಕಲ್ಲಿ, ಪಿಎಫ್‌ನಲ್ಲಿ ಹಣ ಉಳಿಸಿದ್ರು. 1996ರಲ್ಲಿ ಉಯಿಲು ಬರೆಯದೆ ತೀರಿಕೊಂಡಾಗ ಆ ಹಣ ಯಾರಿಗೆ ಸೇರ್ತು ಅಂತೀರಿ? ಸಾಕಿ ಓದಿಸಿದ ತವರಿಗಲ್ಲ, ಓಡಿಸಿದ ಗಂಡನ ಮನೆಗೆ, ಅಂದ್ರೆ ಗಂಡನ ಅಕ್ಕತಂಗಿಯ ಮಕ್ಕಳಿಗೆ. 2009ರಲ್ಲಿ ಸುಪ್ರೀಂ ಕೋರ್ಟೇ ಹಾಗೆ ತೀರ್ಪು ಕೊಡ್ತು, ಯಾಕಂದ್ರೆ ಹಿಂದೂ ಉತ್ತರಾಧಿಕಾರ ಕಾಯ್ದೆಯ 15ನೇ ಸೆಕ್ಷನ್ ಹಾಗಿದೆ. ಮಕ್ಕಳಿಲ್ಲದ ವಿಧವೆ ಸ್ವಂತ ದುಡಿದ ಆಸ್ತಿಗೂ ಗಂಡನ ವಾರಸುದಾರರು ಮೊದಲು, ಆಮೇಲೆ ಹೆತ್ತವರು. ಅದೇ ಗಂಡಸು ತೀರಿಹೋದ್ರೆ ಹೆಂಡತಿ ತವರಿನವರು ಆಸ್ತಿ ಹತ್ರ ಸುಳಿಯೋ ಹಾಗಿಲ್ಲ. ಇದು ನನಗೆ ಬಹಳ ನೋವು ಕೊಡೋ ಕಾನೂನು.

ಇದೆಲ್ಲ ಸಂವಿಧಾನದ ಸಮಾನತೆಗೆ ವಿರುದ್ಧ ಅಲ್ವಾ ಅಂತ ಕೇಳ್ತೀರಿ. 1951ರಲ್ಲೇ ಬಾಂಬೆ ಹೈಕೋರ್ಟ್ ನರಸು ಅಪ್ಪಾ ಮಾಳಿ ಕೇಸಲ್ಲಿ, ಧರ್ಮದಿಂದ ಬಂದ, ಮದುವೆ ಆಸ್ತಿ ಥರದ ವಿಷಯದ ವೈಯಕ್ತಿಕ ಕಾನೂನನ್ನ ಮೂಲಭೂತ ಹಕ್ಕಿನ ತಕ್ಕಡಿಯಲ್ಲಿ ತೂಗೋಕೆ ಆಗಲ್ಲ ಅಂತ ಹೇಳಿಬಿಟ್ಟಿದೆ, ಅದರ ನೆರಳು ಇನ್ನೂ ಹೋಗಿಲ್ಲ. ಮಹಿಳೆಯರ ಮೇಲಿನ ತಾರತಮ್ಯ ತೊಡೆಯೋ ವಿಶ್ವಸಂಸ್ಥೆ ಒಪ್ಪಂದಕ್ಕೆ ಭಾರತ 1993ರಲ್ಲಿ ಸೇರಿದ್ದು ಹೌದು, ಆದ್ರೆ ಯಾವ ಸಮುದಾಯದ ವೈಯಕ್ತಿಕ ವಿಷಯಕ್ಕೂ ಅವರ ಒಪ್ಪಿಗೆ ಇಲ್ಲದೆ ಕೈ ಹಾಕಲ್ಲ ಅಂತ ಷರಾ ಬರೆದೇ ಸೇರಿದ್ದು. ಸಮುದಾಯದ ಒಪ್ಪಿಗೆ ಅಂದ್ರೆ ಯಾರ ಒಪ್ಪಿಗೆ ಸ್ವಾಮಿ? ಮಠದಲ್ಲಿ, ಮಸೀದಿಯಲ್ಲಿ, ಚರ್ಚಲ್ಲಿ ಮಾತಾಡೋರು ಗಂಡಸರೇ ತಾನೆ. ಕೇರಳದ ಮೇರಿ ರಾಯ್ ಕೋರ್ಟಿಗೆ ಹೋಗೋ ತನಕ ತಿರುವಾಂಕೂರಿನ ಕ್ರೈಸ್ತ ಹೆಣ್ಣುಮಗಳಿಗೆ ಅಣ್ಣತಮ್ಮಂದಿರ ಪಾಲಿನ ಕಾಲುಭಾಗ ಇಲ್ಲಾಂದ್ರೆ 5000 ರೂಪಾಯಿ, ಯಾವುದು ಕಡಿಮೆಯೋ ಅದು, ಅಷ್ಟೇ ಸಿಗ್ತಿದ್ದಿದ್ದು.

ನಮ್ಮ ಪಕ್ಕದ ಕಾಸರಗೋಡು ಜಿಲ್ಲೆಯಲ್ಲಿ ವಕೀಲ, ಸಿನಿಮಾ ನಟ ಸಿ. ಶುಕ್ಕೂರ್ ದಂಪತಿ 2023ರ ಮಹಿಳಾ ದಿನದಂದು ಯಾವ ಧರ್ಮಕ್ಕೂ ಸೇರದ ವಿಶೇಷ ವಿವಾಹ ಕಾಯ್ದೆ ಕೆಳಗೆ ತಮ್ಮ ಮದುವೇನ ಮತ್ತೆ ರಿಜಿಸ್ಟರ್ ಮಾಡಿಸಿದ್ರು. ಮೂವರೂ ಹೆಣ್ಣುಮಕ್ಕಳೇ ಇದ್ದಿದ್ರಿಂದ ಮುಸ್ಲಿಂ ವೈಯಕ್ತಿಕ ಕಾನೂನಿನ ಪ್ರಕಾರ ಅವರಿಗೆ ಮೂರರಲ್ಲಿ ಎರಡು ಭಾಗ ಮಾತ್ರ ಹೋಗಿ ಉಳಿದದ್ದು ಶುಕ್ಕೂರ್ ಅವರ ಅಣ್ಣತಮ್ಮಂದಿರ ಕಡೆಗೆ ಹೋಗ್ತಿತ್ತು, ಅದು ಬೇಡ ಅಂತ. ದೇವರ ಮೇಲಿನ ನಂಬಿಕೆ ಬಿಟ್ಟು ಮಾಡಿದ್ದಲ್ಲ ಅದು, ಮಕ್ಕಳ ಮೇಲಿನ ನ್ಯಾಯಕ್ಕೆ ಮಾಡಿದ್ದು, ನನಗೆ ಬಹಳ ಗೌರವ ಬಂತು.

ಹಾಗಂತ ಉತ್ತರಾಖಂಡದ ಥರ ಸಂಹಿತೆ ತಂದು ಬಿಟ್ರೆ ಆಯ್ತು ಅಂತ ನಾನು ಹೇಳ್ತಿಲ್ಲ. ಅಲ್ಲಿ ಒಟ್ಟಿಗೆ ಬದುಕೋ ಇಬ್ಬರು ವಯಸ್ಕರು ಸರ್ಕಾರಕ್ಕೆ ಹೋಗಿ ರಿಜಿಸ್ಟರ್ ಮಾಡಿಸ್ಬೇಕಂತೆ. ಅದು ಸಮಾನತೆ ಅಲ್ಲ, ಪೂಜಾರಿ ಮುಲ್ಲಾ ನಿಂತಿದ್ದ ಜಾಗದಲ್ಲಿ ಪೊಲೀಸ್ ಬಂದು ನಿಂತ ಹಾಗೆ ಅಷ್ಟೇ. ತಪ್ಪು ತಿದ್ದೋದಾದ್ರೆ ಎಲ್ಲರ ಕಾನೂನಿನಲ್ಲೂ ತಿದ್ದಿ, ಒಂದು ಸಮುದಾಯವನ್ನ ಕಟಕಟೆಯಲ್ಲಿ ನಿಲ್ಲಿಸೋಕೆ ಹೆಣ್ಣುಮಕ್ಕಳ ಹೆಸರು ಬಳಸ್ಬೇಡಿ.

ದೆಹಲಿಗಾಗಿ ಕಾಯೋ ಅಗತ್ಯವೂ ನಮಗಿಲ್ಲ. 1933ರಲ್ಲೇ ಮೈಸೂರು ಸಂಸ್ಥಾನ ಕಾಯ್ದೆ ಮಾಡಿ ವಿಧವೆಗೆ, ತಾಯಿಗೆ, ಮದುವೆಯಾಗದ ಹೆಣ್ಣುಮಕ್ಕಳಿಗೆ ಪಾಲು ಕೊಟ್ಟಿತ್ತು. 1994ರಲ್ಲಿ ಕರ್ನಾಟಕ ತಾನೇ ತಿದ್ದುಪಡಿ ತಂದು ಪಿತ್ರಾರ್ಜಿತದಲ್ಲಿ ಮಗಳಿಗೆ ಮಗನ ಸಮಾನ ಹಕ್ಕು ಕೊಡ್ತು (ಅಷ್ಟರಲ್ಲಿ ಮದುವೆಯಾಗಿದ್ದವರನ್ನ ಹೊರಗಿಟ್ಟಿದ್ದು ಬೇಜಾರಿನ ವಿಷಯ), ಕೇಂದ್ರ ಅದನ್ನ ಮಾಡಿದ್ದು 2005ರಲ್ಲಿ. ಉತ್ತರಾಧಿಕಾರ ಸಮವರ್ತಿ ಪಟ್ಟಿಯಲ್ಲಿದೆ, ಅಂದ್ರೆ ನಮ್ಮ ಶಾಸಕರಿಗೂ ಅಧಿಕಾರ ಇದೆ. ಮುಂದಿನ ಅಧಿವೇಶನದಲ್ಲಿ ಯಾರಾದ್ರೂ ಒಬ್ಬರು ಎದ್ದು ನಿಂತು ಆ 15ನೇ ಸೆಕ್ಷನ್ನಿಗೆ ತಿದ್ದುಪಡಿ ಮಂಡಿಸಲಿ, ಯಾವ ಪಕ್ಷದವರಾದ್ರೂ ಸರಿ, ನಾನಂತೂ ನಮ್ಮ ಕ್ಷೇತ್ರದ ಶಾಸಕರಿಗೆ ಇದೇ ಪತ್ರದ ಪ್ರತಿ ಕಳಿಸ್ತಿದೀನಿ.

ಇಂತಿ,
ನಿಮ್ಮ ಓದುಗಳು, ದಾವಣಗೆರೆ